ಸಂಕ ದಾಟುವ ಪಾಠ

'ಪ್ರಾಥಮಿಕ ಶಾಲೆಯಲ್ಲಿ ಅಂಗಸಾಧನೆ' ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ಆಕಾಶವಾಣಿಯವರು ಬರೆದಾಗ ಪತ್ರ ವಿಳಾಸ ತಪ್ಪಿ ಬಂದಿದೆಯೆಂದೇ ನಾನು ಭಾವಿಸಿದೆ. ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಅಂಗಸಾಧನೆಗೂ ನನಗೂ ಎಷ್ಟು ದೂರವೆಂಬುದು ನನ್ನನ್ನು ಕಂಡವರಿಗೆಲ್ಲ ಗೊತ್ತು. ಬಾನುಲಿಯಲ್ಲಿ ಮಾತು ಮಾತ್ರ ಕೇಳಿಸಿ, ಮಾತನಾಡುವವನ ಮೈ ಕಾಣಿಸದಿರುವುದು ಈ ಹೊತ್ತಿನ ಮಟ್ಟಿಗೆ ದೊಡ್ಡ ಅನುಕೂಲ. ಆದರೆ ಪತ್ರವನ್ನು ಎರಡನೆಯ ಸಲ ಓದಿದಾಗ 'ಅಂಗಸಾಧನೆ' ಎಂಬ ಆ ಹಳೆಯ ಮಾತು ನನ್ನನ್ನು ಅರವತ್ತು ವರ್ಷ ಹಿಂದಕ್ಕೆ, ನಮ್ಮೂರ ಶಾಲೆಯ ಅಂಗಳದಲ್ಲಿ ಬಿದ್ದಿದ್ದ ಒಂದು ಅಡಕೆಮರದ ಕಾಂಡದ ಬಳಿಗೆ ಕರೆದೊಯ್ದಿತು. ಆ ಕಾಂಡದ ಕಥೆಯಿಂದಲೇ ಆರಂಭಿಸುತ್ತೇನೆ.

ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿ ನಮ್ಮದು. ನಾನು ಒಂದನೆಯ ತರಗತಿಗೆ ಸೇರಿದ್ದು 1964ರಲ್ಲಿ. ಮನೆಯಿಂದ ಶಾಲೆಗೆ ಎರಡು ಮೈಲಿ. ತೋಟದ ಅಂಚು, ಗದ್ದೆಯ ಬದು, ಒಂದು ಸಣ್ಣ ಗುಡ್ಡ, ಅದರಾಚೆಗೆ ಹಳ್ಳ. ಬೇಸಗೆಯಲ್ಲಿ ಆ ಹಳ್ಳ ಕಾಲು ತೊಳೆಯುವುದಕ್ಕೂ ಸಾಲದು. ಆಷಾಢದಲ್ಲಿ ಅದರ ಸದ್ದು ಅರ್ಧ ಮೈಲಿ ಕೇಳಿಸುತ್ತಿತ್ತು. ಮೃಗಶಿರ ಮಳೆ ಹಿಡಿಯುವ ಮೊದಲು ಊರವರು ಸೇರಿ ಅದಕ್ಕೊಂದು ಸಂಕ ಹಾಕುತ್ತಿದ್ದರು. ಎರಡೋ ಮೂರೋ ಅಡಕೆಮರಗಳನ್ನು ಬಳ್ಳಿಯಿಂದ ಬಿಗಿದು, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರಿನ ಗಳ ಕಟ್ಟಿದರೆ ಆಯಿತು. ಹದಿನೈದು ದಿನ ಮಳೆ ಬಿದ್ದ ಮೇಲೆ ಆ ಮರಗಳ ಮೇಲೆ ಪಾಚಿ ಹಿಡಿಯುತ್ತಿತ್ತು. ಕಂಬಳಿಕೊಪ್ಪೆ ಹೊದ್ದು, ಬಗಲಿಗೆ ಸ್ಲೇಟಿನ ಚೀಲ ಹಾಕಿಕೊಂಡು, ಆರು ವರ್ಷದ ಮಕ್ಕಳಿಂದ ಹಿಡಿದು ಹನ್ನೊಂದು ವರ್ಷದವರವರೆಗೆ ನಾವೊಂದು ಒಂಬತ್ತು ಹತ್ತು ಮಂದಿ ದಿನಕ್ಕೆರಡು ಸಲ ಅದನ್ನು ದಾಟಬೇಕಿತ್ತು.

ನಮ್ಮ ಶಾಲೆಗೆ ಇದ್ದವರು ಒಬ್ಬರೇ ಮೇಷ್ಟ್ರು. ಗಣಿತಕ್ಕೂ ಅವರೇ, ಪದ್ಯಕ್ಕೂ ಅವರೇ, ಡ್ರಿಲ್ಲಿಗೂ ಅವರೇ. ಚಿತ್ರದುರ್ಗದ ಕಡೆಯಿಂದ ಬಂದವರು. ಅಷ್ಟು ನೀರನ್ನು ಒಟ್ಟಿಗೆ ಕಂಡವರೇ ಅಲ್ಲ. ಮೊದಲ ವರ್ಷದ ಮಳೆಗಾಲದಲ್ಲಿ ಅವರು ಸಂಕದ ಮೇಲೆ ಕುದುರೆಯ ಮೇಲೆ ಕುಳಿತಂತೆ ಎರಡೂ ಬದಿಗೆ ಕಾಲು ಇಳಿಬಿಟ್ಟು ಕುಳಿತು, ಅಂಗೈ ಊರಿ ಊರಿ ಮುಂದೆ ಸರಿದು ಈ ದಡಕ್ಕೆ ಬಂದದ್ದನ್ನು ಊರಿನ ಜನ ಬಹಳ ಕಾಲ ನೆನೆದು ನಗುತ್ತಿದ್ದರು. ನಗಲಿ. ಮಕ್ಕಳ ಭಯ ಎಂಥದೆಂಬುದನ್ನು ತಮ್ಮ ಮೈಯಲ್ಲೇ ಬಲ್ಲ ಮೇಷ್ಟ್ರು ನಮಗೆ ಸಿಕ್ಕಿದ್ದು ಹಾಗೆ. ಹುಟ್ಟಿನಿಂದ ಸಂಕ ದಾಟಿದವರಿಗೆ ಅದು ಕಲಿಸಬೇಕಾದ ಸಂಗತಿಯೆಂದೇ ತೋರುವುದಿಲ್ಲ. ಮೇಷ್ಟ್ರು ಮೊದಲು ದೊಡ್ಡ ಹುಡುಗರಿಂದ ತಾವು ಕಲಿತರು. ಅನಂತರ ಕಲಿತದ್ದನ್ನು ಪಾಠವಾಗಿ ಮಾಡಿದರು.

ಜೂನ್ ತಿಂಗಳ ಮೊದಲ ವಾರದಲ್ಲಿ ಶಾಲೆಯ ಅಂಗಳಕ್ಕೆ ಒಂದು ಅಡಕೆಮರದ ಕಾಂಡ ಬರುತ್ತಿತ್ತು. ಮೊದಲೆರಡು ದಿನ ಅದು ನೆಲದ ಮೇಲೆ. ಆಮೇಲೆ ಎರಡು ಕಲ್ಲುಗಳ ಮೇಲೆ, ಗೇಣೆತ್ತರದಲ್ಲಿ. ಕೊನೆಗೆ ಅಂಗಳದ ಚರಂಡಿಗೆ ಅಡ್ಡಲಾಗಿ, ನೀರು ಹೊಯ್ದು ಒದ್ದೆ ಮಾಡಿ. ನೀರನ್ನು ನೋಡಬೇಡ, ಆಚೆ ದಡದ ಮತ್ತಿಮರವನ್ನು ನೋಡು ಎಂದು ಕಲಿಸಿದರು. ಸಂಕದ ಮೇಲೆ ಒಂದು ಸಲಕ್ಕೆ ಒಬ್ಬರೇ. ಕೊಪ್ಪೆಯನ್ನು ಹಿಂದಕ್ಕೆ ಸರಿಸಿ ಕಣ್ಣು ಬಿಡಿಸಿಕೊಳ್ಳಬೇಕು. ಸ್ಲೇಟು ಜಾರಿದರೆ ಜಾರಲಿ, ಬಗ್ಗಬಾರದು. ನೀರು ಮರವನ್ನು ಮುಟ್ಟುವಷ್ಟು ಏರಿದ್ದರೆ ಮನೆಗೆ ಹಿಂತಿರುಗಬೇಕು. ಆ ದಿನದ ಹಾಜರಿಯ ವಿಚಾರ ಅವರಿಗೆ ಬಿಟ್ಟದ್ದು. ಎಡಬಲ ತಿಳಿಯದ ಚಿಕ್ಕವರ ಎಡಗಾಲಿಗೆ ಬಾಳೆಯ ನಾರು ಕಟ್ಟಿ ನಡೆಸುತ್ತಿದ್ದುದೂ ನೆನಪಿದೆ. ಇನ್‌ಸ್ಪೆಕ್ಟರು ಬಂದಾಗ ಮಾತ್ರ ಕಾಂಡ ಶಾಲೆಯ ಹಿಂಬದಿಗೆ ಹೋಗುತ್ತಿತ್ತು. ಅಂಗಳದಲ್ಲಿ 'ಎಡ, ಬಲ' ಎಂಬ ಕವಾಯತು ನಡೆಯುತ್ತಿತ್ತು. ಪಠ್ಯಕ್ರಮದಲ್ಲಿ ಇದ್ದದ್ದು ಅದೇ ತಾನೇ?

ನನ್ನ ತರಗತಿಯಲ್ಲಿ ಒಬ್ಬ ಗೆಳೆಯನಿದ್ದ. ಎಳವೆಯಲ್ಲಿ ಪೋಲಿಯೊ ತಗಲಿ ಅವನ ಬಲಗಾಲು ಸಣ್ಣಗಾಗಿತ್ತು. ಡ್ರಿಲ್ಲಿನ ಹೊತ್ತಿಗೆ ಮೇಷ್ಟ್ರು, 'ನೀನು ಕೂತ್ಕೊಳ್ಳಪ್ಪ, ಇವರ ಚೀಲ ನೋಡ್ಕೊ' ಎನ್ನುತ್ತಿದ್ದರು. ಅದು ಕರುಣೆಯಿಂದ ಬಂದ ಮಾತು. ನಮ್ಮಲ್ಲಿ ಯಾರೂ ಅದನ್ನು ಬೇರೆ ರೀತಿಯಲ್ಲಿ ತಿಳಿಯಲಿಲ್ಲ. ಅವನು ಜಗಲಿಯ ಮೇಲೆ ನಮ್ಮ ಚೀಲಗಳ ನಡುವೆ ಕುಳಿತು ನಮ್ಮಲ್ಲಿ ಯಾರು ಬಿದ್ದರೆಂದು ಎಣಿಸುತ್ತಿದ್ದ. ಆದರೆ ಸಂಜೆ ಐದಕ್ಕೆ ಅವನೂ ಅದೇ ಸಂಕವನ್ನು ದಾಟಬೇಕಿತ್ತು. ನಾವು ಮೂರನೆಯ ತರಗತಿಯಲ್ಲಿದ್ದ ವರ್ಷ, 1966ರ ಜುಲೈಯಲ್ಲಿ, ಒಂದು ಸಂಜೆ ಸಂಕದ ನಡುವೆ ಅವನ ಕಾಲು ಜಾರಿತು. ಅವನ ಹಿಂದೆ ಬರಲು ಕಾದಿದ್ದ, ದಿನವೂ ನಮ್ಮ ಸಾಲನ್ನು ನಡೆಸುತ್ತಿದ್ದ ದೊಡ್ಡ ತರಗತಿಯ ಅಕ್ಕ ಒಬ್ಬಳು ಎರಡೇ ಹೆಜ್ಜೆಯಲ್ಲಿ ಬಂದು ಅಂಗಿಯ ಕೊರಳಪಟ್ಟಿ ಹಿಡಿದೆಳೆದಳು. ಹುಡುಗ ಉಳಿದ. ಸ್ಲೇಟು, ಪುಸ್ತಕ, ಚೀಲ ಎಲ್ಲವೂ ಹಳ್ಳದ ಪಾಲಾದವು. ನಾನು ಆಗಲೇ ಆಚೆ ದಡದಲ್ಲಿದ್ದೆ. ನನ್ನ ಕೈಯಿಂದ ಏನೂ ಆಗುವಂತಿರಲಿಲ್ಲ ಎಂಬುದು ನಿಜ. ಆದರೂ ನನ್ನ ಕಣ್ಣು ಮೊದಲು ಹೋದದ್ದು ಅವನ ಕಡೆಗಲ್ಲ, ತೇಲುತ್ತಿದ್ದ ಚೀಲದ ಕಡೆಗೆ ಎಂಬುದನ್ನು ನಾನು ಮರೆತಿಲ್ಲ.

ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಮೇಷ್ಟ್ರು ಎರಡು ಸಲ ಅವರ ಮನೆಗೆ ಹೋಗಿ ಬಂದರು. 'ಮಗ ಮನೆಯಲ್ಲೇ ಇರಲಿ, ಜೀವ ಒಂದು ಉಳಿದರೆ ಸಾಕು' ಎಂದರಂತೆ ಮನೆಯವರು. ಹಿಂತಿರುಗುವಾಗ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಮೇಷ್ಟ್ರು ನನ್ನ ತಂದೆಯವರೊಡನೆ ಆಡಿದ ಮಾತನ್ನು ನಾನು ಬಾಗಿಲ ಮರೆಯಿಂದ ಕೇಳಿಸಿಕೊಂಡೆ: 'ಬೀಳದೆ ಇರೋರಿಗೆಲ್ಲ ಕಲಿಸಿದೆ ರಾಯರೇ. ಬೀಳೋನನ್ನ ಕೂರಿಸಿಬಿಟ್ಟೆ.'

ಅಂಗಸಾಧನೆ ಎಂದಾಗ ನನ್ನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಇದೇ. ಶಾಲೆಯು ಮಗುವಿನ ಮೈಗೆ ಕಲಿಸುವುದಕ್ಕೂ ಆ ಮಗು ಶಾಲೆಗೆ ಬರುವ ದಾರಿಗೂ ಏನಾದರೂ ಸಂಬಂಧ ಇರಬೇಡವೇ? ಕಲಿಸುವುದಾದರೆ ಯಾರಿಗೆ ಮೊದಲು?

ನಮ್ಮ ಶಾಲೆಗಳ ವ್ಯಾಯಾಮ ಶಿಕ್ಷಣ ಹುಟ್ಟಿ ಬೆಳೆದದ್ದು ಬೇರೆ ಬೇರೆ ಬೇರುಗಳಿಂದ. ದಂಡು ಕವಾಯತು ಮಾಡುವ ಮೈದಾನದಿಂದ ಒಂದಷ್ಟು, ನಮ್ಮ ಗರಡಿಮನೆ ಕೋಲಾಟಗಳಿಂದ ಒಂದಷ್ಟು. 1920ರಲ್ಲಿ ಎಚ್. ಸಿ. ಬಕ್ ಎಂಬ ಅಮೆರಿಕದ ಗೃಹಸ್ಥರು ಮದರಾಸಿನಲ್ಲಿ ವೈ. ಎಂ. ಸಿ. ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ಆರಂಭಿಸಿದ ಮೇಲೆ ಅದಕ್ಕೊಂದು ಶಾಸ್ತ್ರೀಯ ರೂಪ ಬಂತು. ಇದನ್ನೆಲ್ಲ ನಾನು ಹಗುರ ಮಾಡುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಕ್ರೀಡೋತ್ಸವ ಮಾಡಿ ಮೂವರಿಗೆ ಬಟ್ಟಲು ಕೊಟ್ಟು, ಉಳಿದ ಮಕ್ಕಳನ್ನು ಚಪ್ಪಾಳೆ ತಟ್ಟಲು ಕೂರಿಸುವುದಕ್ಕೆ ವ್ಯಾಯಾಮ ಶಿಕ್ಷಣ ಎನ್ನುವುದಾದರೆ, ನನ್ನ ಗೆಳೆಯ ಇಂದಿಗೂ ಚೀಲ ಕಾಯುತ್ತಲೇ ಇದ್ದಾನೆ. ಐದರಿಂದ ಹದಿನೇಳು ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಚಟುವಟಿಕೆಯಿಂದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೇಳಾಪಟ್ಟಿಯಲ್ಲಿ ವಾರಕ್ಕೊಂದೆರಡು ಪೀರಿಯಡ್ ಇಟ್ಟು, ಪರೀಕ್ಷೆ ಹತ್ತಿರ ಬಂದಾಗ ಅದನ್ನೂ ಗಣಿತಕ್ಕೆ ಕಡ ಕೊಡುವ ನಾವು ಆ ಅರುವತ್ತು ನಿಮಿಷಗಳನ್ನು ಎಲ್ಲಿಂದ ತರುವುದು? ಹಿಂದೆ ಅದರ ಬಹುಪಾಲು ದಾರಿಯಲ್ಲೇ ಸಂದಾಯವಾಗುತ್ತಿತ್ತು.

ಕಾನೂನು ಏನು ಹೇಳುತ್ತದೆಂದು ತೆಗೆದು ನೋಡಿದೆ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ. ಅಂಗವೈಕಲ್ಯವುಳ್ಳ ಮಕ್ಕಳಿಗೆ ಅಡೆತಡೆಯಿಲ್ಲದ ಪ್ರವೇಶ ಬೇಕೆನ್ನುತ್ತದೆ. ಒಳ್ಳೆಯದು. ಆದರೆ ವ್ಯಾಯಾಮ ಬೋಧಕರ ಮಾತು ಅದರ ಅನುಸೂಚಿಯಲ್ಲಿ ಬರುವುದು ಆರರಿಂದ ಎಂಟನೆಯ ತರಗತಿಗಳಿಗೆ ಮಾತ್ರ. ಅದೂ ನೂರಕ್ಕೂ ಹೆಚ್ಚು ಮಕ್ಕಳಿದ್ದರೆ, ಅದೂ ಅರೆಕಾಲಿಕವಾಗಿ. ಒಂದರಿಂದ ಐದರವರೆಗಿನ ಚಿಕ್ಕ ಮಕ್ಕಳ ಮೈ ತರಗತಿಯ ಉಪಾಧ್ಯಾಯರ ಪಾಲಿಗೆ ಬಿಟ್ಟದ್ದು, ನಮ್ಮ ಮೇಷ್ಟ್ರ ಕಾಲದಲ್ಲಿದ್ದಂತೆಯೇ.

ಅದೇ ಕಾಯಿದೆಗೆ ಸಂಬಂಧಿಸಿದ ಕೇಂದ್ರ ಸರ್ಕಾರದ 2010ರ ನಿಯಮಾವಳಿ ಒಂದರಿಂದ ಐದನೆಯ ತರಗತಿಗೆ 1 ಕಿಲೋಮೀಟರ್, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ನಡಿಗೆಯ ದೂರದೊಳಗೆ ಶಾಲೆಯಿರಬೇಕೆಂದು ವಿಧಿಸುತ್ತದೆ. ಅಂದರೆ ಮಗು ನಡೆದು ಬರುತ್ತದೆಂಬುದನ್ನು ಕಾನೂನು ಒಪ್ಪಿಕೊಂಡಿದೆ. ಇನ್ನೂ ಮುಂದೆ ಹೋಗಿ, ಭೂಕುಸಿತ, ಪ್ರವಾಹ, ರಸ್ತೆಯಿಲ್ಲದಿರುವಿಕೆ, ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಚಿಕ್ಕ ಮಕ್ಕಳಿಗೆ ಒದಗಬಹುದಾದ ಅಪಾಯ ಇವುಗಳನ್ನು ಹೆಸರಿಸಿ, ಅವು ತಪ್ಪುವಂತೆ ಶಾಲೆಯ ಜಾಗವನ್ನು ಗೊತ್ತುಮಾಡಬೇಕೆಂದೂ ಹೇಳುತ್ತದೆ. ಕಾನೂನು ಬರೆದವರಲ್ಲಿ ಯಾರೋ ಒಬ್ಬರು ಚಿಕ್ಕಂದಿನಲ್ಲಿ ಸಂಕ ದಾಟಿದವರಿರಬೇಕು.

ಇದು ಅರವತ್ತು ವರ್ಷದ ಹಿಂದಿನ ಕಥೆಯಾಗಿ ಮುಗಿದಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. 2022ರ ಆಗಸ್ಟಿನಲ್ಲಿ ಉಡುಪಿ ಜಿಲ್ಲೆಯ ಬೈಂದೂರು ಭಾಗದಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರಿನ ಪಾಲಾದಳು. ಸುದ್ದಿಯನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಸಂಕಕ್ಕೆ ಸಂಕವೇ ಗತಿ ಎಂದೇನೂ ಇಲ್ಲ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಯ ಮೇಲೆ ಮೊದಲ ತೂಗುಸೇತುವೆ ಕಟ್ಟಿದರು. ಮುಂದೆ ಅಂಥವನ್ನು ನೂರಕ್ಕೂ ಮಿಕ್ಕಿ ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು. ಕಾಲ್ನಡಿಗೆಯವರಿಗಾಗಿಯೇ ಕಟ್ಟಿದ ಸೇತುವೆಗಳು ಅವು. ನಾವು ನಿತ್ಯ ಕೊಂಡಾಡುವ ಹೆದ್ದಾರಿಗಳ ಲೆಕ್ಕದಲ್ಲಿ ಅವುಗಳಿಗೆ ತಗಲುವ ವೆಚ್ಚ ಎಷ್ಟರದು!

ಇನ್ನು ಪಟ್ಟಣದ ಸಂಕದ ಮಾತು. ಈಗ ನಾನಿರುವುದು ಶಿವಮೊಗ್ಗದ ಒಂದು ಬಡಾವಣೆಯಲ್ಲಿ. ನನ್ನ ಮೊಮ್ಮಗಳು ಮೂರನೆಯ ತರಗತಿ. ಅವಳ ಶಾಲೆ ನಮ್ಮ ಗೇಟಿನಿಂದ ನನ್ನ ಲೆಕ್ಕದಲ್ಲಿ 870 ಹೆಜ್ಜೆ. ಅವಳು ಹೋಗುವುದು ವ್ಯಾನಿನಲ್ಲಿ. ಮೊದಲು ಹತ್ತುವವಳು ಅವಳೇ ಆದ್ದರಿಂದ ಊರೆಲ್ಲ ಸುತ್ತಿ ಶಾಲೆ ತಲಪುವಷ್ಟರಲ್ಲಿ ಮೂವತ್ತೈದು ನಿಮಿಷ ಕಳೆದಿರುತ್ತದೆ. ಒಂದು ದಿನ ವ್ಯಾನು ಕೆಟ್ಟು ನಿಂತಿತು. 'ನಡಿ, ನಾನೇ ಕರೆದುಕೊಂಡು ಹೋಗ್ತೀನಿ' ಎಂದೆ. ಮಗ ಸೊಸೆ ಇಬ್ಬರೂ ನನ್ನನ್ನು ಕಾಶಿಯಾತ್ರೆಗೆ ಹೊರಟವನಂತೆ ನೋಡಿದರು.

ಹದಿನಾರು ನಿಮಿಷದ ಆ ನಡಿಗೆಯಲ್ಲಿ ನಾನು ಕಲಿತದ್ದು ಕಡಿಮೆಯಲ್ಲ. ಕಾಲುದಾರಿಯೆಂಬುದು ಒಂದು ಬದಿಗೆ ಇದೆ. ಆದರೆ ಮೊದಲು ಒಂದು ಟ್ರಾನ್ಸ್‌ಫಾರ್ಮರ್, ಅದರಾಚೆ ಸಾಲಾಗಿ ನಿಂತ ಸ್ಕೂಟರುಗಳು, ಅನಂತರ ಮನೆ ಕಟ್ಟುವವರ ಮರಳ ರಾಶಿ, ಆಮೇಲೆ ಬಾಯಿ ತೆರೆದ ಚರಂಡಿಯ ಚಪ್ಪಡಿ. ಪ್ರತಿ ಸಲವೂ ನಾವು ರಸ್ತೆಗೆ ಇಳಿಯಬೇಕು, ಮತ್ತೆ ಏರಬೇಕು. ನಾಲ್ಕು ದಾರಿ ಕೂಡುವಲ್ಲಿ ದಾಟಲು ನಿಂತಾಗ, 'ಏನೂ ಬರ್ತಿಲ್ಲ, ಬಾ ಅಜ್ಜ' ಎಂದು ಅವಳು ಹೆಜ್ಜೆ ತೆಗೆದಳು. ನನಗೆ ಸ್ಪಷ್ಟವಾಗಿ ಆಟೋ ಕಾಣುತ್ತಿತ್ತು. ಗದರಲು ಹೊರಟವನು ತಡೆದೆ. ಏನೋ ಹೊಳೆದು ಅಲ್ಲೇ ಮಂಡಿ ಮಡಚಿ ಅವಳ ಎತ್ತರಕ್ಕೆ ಕುಳಿತೆ. ಆಟೋ ಮಾಯ! ನಿಂತಿದ್ದ ಕಾರಿನ ಮೂತಿಯೊಂದೇ ಕಂಡಿತು. ಇಷ್ಟರಲ್ಲಿ ಎದುರಿನ ಔಷಧಿ ಅಂಗಡಿಯವರು ನನಗೆ ಎದೆನೋವು ಬಂದಿತೆಂದು ನೀರು ಹಿಡಿದು ಓಡಿಬಂದರು. ಅವರಿಗೆ ವಿವರಿಸುವಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು.

ನಾನು ಆಕಸ್ಮಿಕವಾಗಿ ಕಂಡದ್ದನ್ನು ಸ್ವೀಡನ್ನಿನ ಸ್ಟೀನಾ ಸಾಂಡೆಲ್ಸ್ ಎಂಬ ವಿದುಷಿ 1960ರ ದಶಕದಲ್ಲೇ ವ್ಯವಸ್ಥಿತವಾಗಿ ಪರೀಕ್ಷಿಸಿ ನೋಡಿದ್ದರು. ಚಿಕ್ಕ ಮಕ್ಕಳು ವಾಹನದ ವೇಗ, ದೂರ, ಸದ್ದು ಬರುವ ದಿಕ್ಕು ಇವನ್ನು ದೊಡ್ಡವರಂತೆ ಅಳೆಯಲಾರರು. ಎಷ್ಟೇ ಕಲಿಸಿದರೂ ಅವರನ್ನು ಪೂರ್ತಿಯಾಗಿ ಸಂಚಾರಕ್ಕೆ ಹೊಂದಿಸುವುದು ಸಾಧ್ಯವಿಲ್ಲ, ಸಂಚಾರವನ್ನೇ ಮಕ್ಕಳಿಗೆ ಹೊಂದಿಸಬೇಕು ಎಂಬುದು ಅವರು ತಲಪಿದ ತೀರ್ಮಾನ. ಅಪಘಾತವಾದಾಗ 'ಮಗು ಅಡ್ಡ ಬಂತು' ಎಂದು ಬರೆಯುವ ನಮ್ಮ ವಾಡಿಕೆಯನ್ನು ಈ ಮಾತಿನ ಪಕ್ಕದಲ್ಲಿಟ್ಟು ನೋಡಬೇಕು. ಮಗು ಅಡ್ಡ ಬಂದದ್ದೋ, ರಸ್ತೆ ಮಗುವಿಗೆ ಅಡ್ಡ ಬಂದದ್ದೋ? 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡ 1,68,491 ಮಂದಿಯಲ್ಲಿ 32,825 ಮಂದಿ ಕಾಲ್ನಡಿಗೆಯವರು. ಅಡೆತಡೆಯಿಲ್ಲದ ಕಾಲುದಾರಿ ಸಂವಿಧಾನದ 21ನೆಯ ಅನುಚ್ಛೇದ ಕೊಡುವ ಬದುಕುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಹೇಳಿತು. ಮರಳ ರಾಶಿಗೆ ಆ ತೀರ್ಪನ್ನು ಓದಿ ಹೇಳುವವರು ಬೇಕು.

ಕನ್ನಡ ಮೇಷ್ಟ್ರ ಹಳೆಯ ಚಾಳಿ, ಒಂದು ಮಾತು ಹೇಳದೆ ಇರಲಾರೆ. ನಮ್ಮ ಭಾಷೆಯಲ್ಲಿ 'ನಡೆ' ಎಂದರೆ ಕಾಲಿನಿಂದ ಮಾಡುವುದೂ ಹೌದು, ಬಾಳುವ ರೀತಿಯೂ ಹೌದು. ನಡತೆ, ನಡವಳಿಕೆ ಎಲ್ಲ ಅದೇ ಬೇರಿನ ಚಿಗುರು. ದೊಡ್ಡವರು ಬಂದಾಗ ಅವರ ಪಾದ ನೆಲಕ್ಕೆ ತಾಗದಂತೆ ಹಾಸುವ ಮಡಿವಸ್ತ್ರಕ್ಕೆ 'ನಡೆಮಡಿ' ಎನ್ನುತ್ತೇವೆ. ಸ್ವಾಮಿಗಳಿಗೂ ಮದುಮಕ್ಕಳಿಗೂ ನಡೆಮಡಿ ಹಾಸಿದ ನಾಡು ಇದು. ಏಳು ವರ್ಷದ ಮಗುವಿಗೆ ಆರಡಿ ಅಗಲದ ಕಲ್ಲುಚಪ್ಪಡಿ ಹಾಸುವುದು ನಮಗೇಕೆ ಇಷ್ಟು ಭಾರವಾಯಿತು?

ಹಾಗೆಂದು ರಸ್ತೆ ಸರಿಯಾಗುವವರೆಗೆ ಶಾಲೆ ಸುಮ್ಮನಿರಬೇಕೆಂದು ನಾನು ಹೇಳುತ್ತಿಲ್ಲ. ಊರವರು ಗಟ್ಟಿ ಸಂಕ ಹಾಕಲಿ ಎಂದು ನಮ್ಮ ಮೇಷ್ಟ್ರು ಕಾಯುತ್ತ ಕೂರಲಿಲ್ಲ. ಡ್ರಿಲ್ಲಿನ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಮೊದಲು ಕಲಿಸಬೇಕಾದದ್ದು ಓಡುವುದನ್ನಲ್ಲ, ನಿಲ್ಲುವುದನ್ನು. ಓಡುತ್ತಿರುವ ಮಗು ಸೀಟಿ ಕೇಳಿದೊಡನೆ ಗೆರೆಯ ಈಚೆಗೆ ನಿಲ್ಲುವುದು ಒಂದು ಸೊಗಸಾದ ಆಟ. ರಸ್ತೆಯ ಅಂಚಿನಲ್ಲಿ ಅದೇ ಜೀವ ಉಳಿಸುವ ಅಭ್ಯಾಸ. ಚೆಂಡು ಉರುಳಿ ಹೋದಾಗ ಅದರ ಹಿಂದೆ ಓಡದಿರುವುದು ಇನ್ನೊಂದು. ನಮ್ಮ ಕಾಲದ ಸ್ಲೇಟಿನ ಪಾಠವೇ ಅದು. ಕಣ್ಣು ಮುಚ್ಚಿ ಕುಳಿತು ಯಾವ ಬಂಡಿ ಎತ್ತಣಿಂದ ಬಂತೆಂದು ಹೇಳಿಸಬಹುದು. ಆದರೆ ವಿದ್ಯುತ್ ಸ್ಕೂಟರುಗಳು ಬಂದ ಮೇಲೆ ಕಿವಿಯನ್ನೊಂದೇ ನಂಬಿದರೆ ಸಾಲದೆಂದೂ ಹೇಳಬೇಕು. ಬೆನ್ನಿನ ಚೀಲವೂ ಈ ಪಾಠದೊಳಗೆ ಸೇರಿದ್ದೇ. ಒಂದು, ಎರಡನೆಯ ತರಗತಿಯ ಮಕ್ಕಳ ಚೀಲ 2 ಕಿಲೋಗ್ರಾಮ್ ಮೀರಬಾರದೆಂದು 2019ರಲ್ಲೇ ನಮ್ಮ ರಾಜ್ಯದ ಆದೇಶವಿದೆ. ಭಾರ ಹೊತ್ತು ಬಾಗಿದ ಮಗು ರಸ್ತೆಯನ್ನಲ್ಲ, ತನ್ನ ಪಾದವನ್ನು ನೋಡಿಕೊಂಡು ನಡೆಯುತ್ತದೆ.

ಒಂದು ತಿದ್ದುಪಡಿಯನ್ನೂ ಮಾಡಿಕೊಳ್ಳಬೇಕು. 'ಎಡಗಡೆ ನಡೆಯಿರಿ' ಎಂದು ನಮಗೆ ಕಲಿಸಿದ್ದರು. ದಿನಕ್ಕೆರಡು ಬಸ್ಸು ಬರುವ ದಾರಿಯಲ್ಲಿ ಅದರಿಂದ ಕೆಡುಕೇನೂ ಆಗಲಿಲ್ಲ. ಆದರೆ ಅದು ಗಾಡಿಗಳ ನಿಯಮ. ಕಾಲುದಾರಿ ಇಲ್ಲದ ಕಡೆ ನಡೆಯುವವನು ಬಲಗಡೆಯ ಅಂಚಿನಲ್ಲಿ ಸಾಗಬೇಕು. ಆಗ ಬರುವ ವಾಹನ ಎದುರಿಗೆ ಕಾಣುತ್ತದೆ, ಬೆನ್ನ ಹಿಂದಿನಿಂದ ಬಂದು ಬೀಳುವುದಿಲ್ಲ. ಈ ಸಣ್ಣ ಸಂಗತಿಯನ್ನು ನಾನು ತಿಳಿದದ್ದು ಅರವತ್ತು ದಾಟಿದ ಮೇಲೆ.

ಇನ್ನು, ಮಕ್ಕಳು ಒಬ್ಬೊಬ್ಬರೇ ನಡೆಯಬೇಕೆಂದೇನು? ಆಸ್ಟ್ರೇಲಿಯದ ಡೇವಿಡ್ ಎಂಗ್ವಿಕ್ಟ್ ಎಂಬವರು 1990ರ ದಶಕದಲ್ಲಿ 'ನಡೆಯುವ ಶಾಲಾಬಸ್ಸು' ಎಂಬ ಕಲ್ಪನೆಯನ್ನು ಪ್ರಚಾರಕ್ಕೆ ತಂದರು. ಒಬ್ಬ ಹಿರಿಯರು ಮುಂದೆ, ಒಬ್ಬರು ಹಿಂದೆ. ಗೊತ್ತಾದ ದಾರಿ, ಗೊತ್ತಾದ ಹೊತ್ತು. ಮನೆಮನೆಯ ಮುಂದೆ ಮಕ್ಕಳು ಸಾಲಿಗೆ ಸೇರುತ್ತ ಹೋಗುತ್ತಾರೆ. ಓದಿದಾಗ ನನಗೆ ನೆನಪಾದವಳು ನಮ್ಮ ಸಾಲನ್ನು ನಡೆಸುತ್ತಿದ್ದ ಆ ಅಕ್ಕ. ಅವಳಿಗೆ ಆಗ ಹನ್ನೊಂದು ವರ್ಷ. ನಮ್ಮ ಬಡಾವಣೆಯಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೊರಡುವ ನಿವೃತ್ತರು ಏನಿಲ್ಲವೆಂದರೂ ಇಪ್ಪತ್ತು ಮಂದಿ. ಉದ್ಯಾನದಲ್ಲಿ ಸುತ್ತಿದಲ್ಲೇ ಸುತ್ತಿ ಸಕ್ಕರೆ ಕಾಯಿಲೆಯ ಮಾತಾಡುತ್ತೇವೆ. ಅದೇ ನಡಿಗೆಯನ್ನು ಒಂದು ಗಂಟೆ ತಡವಾಗಿ, ಶಾಲೆಯ ದಿಕ್ಕಿಗೆ ತಿರುಗಿಸಿದರೆ?

ಕಳೆದ ವರ್ಷ ಊರಿಗೆ ಹೋದಾಗ ಹಳ್ಳಕ್ಕೆ ಕಾಂಕ್ರೀಟಿನ ಕಿರುಸೇತುವೆ ಬಂದಿತ್ತು, ಎರಡೂ ಬದಿಗೆ ಕಬ್ಬಿಣದ ಕಂಬಿ. ಅದರ ಈಚೆಗೇ ನನ್ನ ಗೆಳೆಯನ ಗೂಡಂಗಡಿ. ಊರುಗೋಲು ಹಿಡಿದು ನನ್ನೊಡನೆ ಸೇತುವೆಯ ನಡುವಿನವರೆಗೆ ಬಂದ. ಅಲ್ಲಿ ನಿಂತು ಕೆಳಗಿನ ನೀರನ್ನು ನೋಡಿ, 'ಇಲ್ಲೇ ಅಲ್ವೇನೋ?' ಎಂದ. ಹೌದೆಂದೆ. ಮೂರನೆಯ ತರಗತಿಯ ಪುಸ್ತಕದಲ್ಲಿ ಯಾವ ಪಾಠದವರೆಗೆ ಆಗಿತ್ತೆಂದು ಅವನಿಗೆ ನೆನಪಿತ್ತು, ನನಗಿರಲಿಲ್ಲ. ಆಚೆಯ ಶಾಲೆಯಲ್ಲಿ ಈಗ ಉಳಿದಿರುವುದು ಹನ್ನೊಂದು ಮಕ್ಕಳು. ಉಳಿದವರು ವ್ಯಾನಿನಲ್ಲಿ ಪೇಟೆಗೆ ಹೋಗುತ್ತಾರೆ.

ಬರುವ ಶನಿವಾರ ಮೊಮ್ಮಗಳ ಶಾಲೆಯಲ್ಲಿ ಪೋಷಕರ ಸಭೆಯಿದೆ. ನನಗೆ ಹತ್ತು ನಿಮಿಷ ಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರಿಗೆ ಬರೆದು, ಒಪ್ಪಿಗೆ ಪಡೆದಿದ್ದೇನೆ. ಆಕಾಶವಾಣಿಯ ಹದಿನೈದು ನಿಮಿಷದ ಮಾತನ್ನು ಹತ್ತಕ್ಕೆ ಇಳಿಸುವುದು ಹೇಗೆಂದು ಯೋಚಿಸುತ್ತಿದ್ದಾಗ ಮೊಮ್ಮಗಳು ತಾನೇ ಒಂದು ಪಟ್ಟಿ ಬರೆದುಕೊಟ್ಟಿದ್ದಾಳೆ: ಟ್ರಾನ್ಸ್‌ಫಾರ್ಮರ್, ಮರಳು, ಚಪ್ಪಡಿ, ಕೂಡುರಸ್ತೆಯ ಕಾರು, ಎರಡನೆಯ ತಿರುವಿನ ನಾಯಿ. ನಾಯಿಯನ್ನು ಪಟ್ಟಿಯಿಂದ ತೆಗೆಯೋಣವೆಂದು ನಾನು ಸೂಚಿಸಿ ನೋಡಿದೆ; ಅವಳು ಒಪ್ಪಲಿಲ್ಲ.